ಕಣ್ಣಿನೊಳಗೆ ಕೂತ ಪಾಪು

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತರೆ ಏಳು ಪ್ರಶ್ನೆ ಕಣ್ಣಿನ ಮೇಲೇ ಇದ್ದವು. ಅದರಲ್ಲೂ ಕಣ್ಣಿನ ನಡುವಿನ ಆ ಕಪ್ಪು ಚುಕ್ಕೆಯ ಸುತ್ತ. ಹಾಗಾಗಿ ಉಳಿದದ್ದನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ ಇವನ್ನೇ ಎತ್ತಿಕೊಂಡಿದ್ದೇನೆ. ನಾನು ಡಾಕ್ಟರಲ್ಲ, ಪದಗಳ ಬೆನ್ನು ಹತ್ತುವ ಚಟ ಇರುವವನು ಅಷ್ಟೆ. ಕಾಯಿಲೆ ಕಸಾಲೆಯ ಮಾತು ಬಂದ ಕಡೆ ಕಣ್ಣಿನ ಡಾಕ್ಟರಾಗಿರುವ ಗೆಳೆಯನಿಗೆ ಓದಿಸಿ, ಅವನಿಂದ ಬೈಸಿಕೊಂಡು, ತಿದ್ದಿದ್ದೇನೆ.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕಣ್ಣಿನ ಚಿತ್ರ ಬರೆಯುತ್ತಾ, 'ಪ್ಯೂಪಿಲ್ ಅಂದ್ರೆ ಸ್ಟೂಡೆಂಟ್ ಅಲ್ವಾ ಅಪ್ಪ, ಈ ಕಪ್ಪು ಚುಕ್ಕೆಗೆ ಯಾಕೆ ಅದೇ ಹೆಸರು?' ಅಂದಳು. ಕನ್ನಡದಲ್ಲಿ ಅದಕ್ಕೆ ಪಾಪೆ ಅಂತಾರಮ್ಮ ಅಂತ ಮಾತು ಮರೆಸಲು ನೋಡಿದೆ. 'ಪಾಪೆ ಅಂದ್ರೆ ಪಾಪುನಾ?' ಅಂತ ಇನ್ನೊಂದು ಎಸೆದಳು. ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ಅಪ್ಪನ ಮರ್ಯಾದೆ ಉಳಿಸಿ ಸಾರ್. (ತಿಪಟೂರಿನ ಓದುಗರು)

ಉತ್ತರ: ಮಗಳು ಎರಡನೆಯದಾಗಿ ಎಸೆದದ್ದು ಪ್ರಶ್ನೆ ಅಲ್ಲ, ಮೊದಲನೆಯದಕ್ಕೆ ಉತ್ತರ. ಹೌದು, ಪಾಪುನೇ.

ಮೊದಲು ಇಂಗ್ಲಿಷ್ ಪದದ ಜಾತಕ ನೋಡೋಣ. ಲ್ಯಾಟಿನ್‌ನಲ್ಲಿ 'ಪೂಪಾ' ಅಂದರೆ ಹುಡುಗಿ, ಬೊಂಬೆ ಅಂತಲೂ ಅರ್ಥ. ಅದರ ಮುದ್ದಿನ ರೂಪ 'ಪೂಪಿಲ್ಲಾ', ಅಂದರೆ ಪುಟ್ಟ ಹುಡುಗಿ, ಪುಟಾಣಿ ಬೊಂಬೆ. ರೋಮನ್ನರ ಕಾನೂನಿನಲ್ಲಿ ಅಪ್ಪನನ್ನು ಕಳೆದುಕೊಂಡ, ಇನ್ನೂ ವಯಸ್ಸಿಗೆ ಬಾರದ ಹುಡುಗನಿಗೆ 'ಪೂಪಿಲ್ಲಸ್', ಹುಡುಗಿಯಾದರೆ 'ಪೂಪಿಲ್ಲಾ' ಅನ್ನುತ್ತಿದ್ದರು. ಆ ಮಗುವಿನ ಆಸ್ತಿಪಾಸ್ತಿ ನೋಡಿಕೊಳ್ಳುವ ಜವಾಬ್ದಾರಿ ಹೊತ್ತವನಿಗೆ ಏನಂತ ಹೆಸರು ಗೊತ್ತಾ? 'ಟ್ಯೂಟರ್'. ಈಗ ಮನೆಗೆ ಬಂದು ಮ್ಯಾಥ್ಸ್ ಹೇಳಿಕೊಡುತ್ತಾರಲ್ಲ, ಅದೇ ಟ್ಯೂಟರ್. ಮೊದಲು ಆತ ಪಾಠ ಹೇಳುವವನಲ್ಲ, ಕಾಯುವವನು. ಅವನ ಆಸರೆಯಲ್ಲಿದ್ದ ಮಗು ಕಾಲ ಕಳೆದ ಹಾಗೆ ಗುರುವಿನ ಕೈಕೆಳಗಿನ ಶಿಷ್ಯ ಆಯಿತು. ನಿಮ್ಮ ಮಗಳಿಗೆ ಗೊತ್ತಿರುವ ಸ್ಟೂಡೆಂಟ್ ಅರ್ಥ ಬಂದದ್ದು ಹೀಗೆ.

ಇನ್ನು ಕಣ್ಣಿನ ಅರ್ಥ. ರೋಮನ್ನರು ಕಣ್ಣಿನ ಕಪ್ಪು ಚುಕ್ಕೆಗೂ 'ಪೂಪಿಲ್ಲಾ' ಅಂತಲೇ ಅನ್ನುತ್ತಿದ್ದರು. ಇದು ಅವರ ಸ್ವಂತ ಕಲ್ಪನೆ ಇರಲಾರದು, ಯಾಕೆಂದರೆ ಅವರಿಗಿಂತ ಮೊದಲೇ ಗ್ರೀಕರು ಅದನ್ನು 'ಕೋರೇ' ಎಂದು ಕರೆಯುತ್ತಿದ್ದರು. ನಮ್ಮ ಕೋರೆಹಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಗ್ರೀಕಿನಲ್ಲಿ ಕೋರೇ ಅಂದರೆ ಹುಡುಗಿ, ಬೊಂಬೆ. ನಮ್ಮ ಸಂಸ್ಕೃತದಲ್ಲಿ? 'ಕನೀನಿಕಾ'. ಕನ್ಯಾ, ಕನಿಷ್ಠ ಅನ್ನುವ ಪದಗಳ ಬಳಗದ್ದೇ ಇದು, ಎಳೆಯದು, ಚಿಕ್ಕದು ಎಂಬ ಅರ್ಥದ್ದು. ಅಲ್ಲೂ ಒಬ್ಬಳು ಪುಟ್ಟ ಹುಡುಗಿ! ಅಮರಕೋಶ ಬಾಯಿಪಾಠ ಮಾಡಿದ ಹಿರಿಯರು ಮನೆಯಲ್ಲಿದ್ದರೆ ಕೇಳಿ, ಕಣ್ಣಿನ ತಾರಕಾ ಅಂದರೆ ಕನೀನಿಕಾ ಅಂತ ತಟ್ಟನೆ ಹೇಳುತ್ತಾರೆ.

ಪಕ್ಕದ ಮನೆಗಳಿಗೆ ಹೋಗೋಣ. ತೆಲುಗಿನವರು ಕಂಟಿಪಾಪ, ಕನುಪಾಪ ಅನ್ನುತ್ತಾರೆ, ಪಾಪ ಅಂದರೆ ಅವರಿಗೆ ಮಗು. ತಮಿಳಿನ ಪಾವೈ ಬೊಂಬೆಯೂ ಹೌದು, ಕಣ್ಣಿನ ಪಾಪೆಯೂ ಹೌದು. ಬೆಳಗಾವಿ ಕಡೆಯವರಿಗೆ ಮರಾಠಿಯ ಬಾಹುಲಿ ಗೊತ್ತೇ ಇರುತ್ತದೆ, ಮಕ್ಕಳು ಆಡುವ ಬೊಂಬೆ, ಕಣ್ಣಿನದೂ ಅದೇ. ಹಿಂದಿಯ ಪುತಲಿ ಅಂದರೂ ಬೊಂಬೆ. ಮಲಯಾಳಿಗಳು ಮಾತ್ರ ಕೃಷ್ಣಮಣಿ ಅಂತ ಕಪ್ಪು ಮಣಿಯನ್ನು ಕಂಡರು. ಇನ್ನೂ ದೂರ ಹೋದರೆ ಪಾರ್ಸಿ ಭಾಷೆಯಲ್ಲಿ ಮರ್ದುಮಕ್, ಅಂದರೆ ಪುಟ್ಟ ಮನುಷ್ಯ. ಅರಬ್ಬಿಯಲ್ಲಿ ಇನ್ಸಾನ್-ಅಲ್-ಐನ್, ಕಣ್ಣಿನ ಮನುಷ್ಯ. ಸ್ಪೇನಿನವರಿಗೆ ಕಣ್ಣಿನ ಹುಡುಗಿ. ಗಂಡೋ ಹೆಣ್ಣೋ ಬೊಂಬೆಯೋ, ಒಟ್ಟಿನಲ್ಲಿ ಎಲ್ಲರಿಗೂ ಕಣ್ಣೊಳಗೆ ಯಾರೋ ಕೂತಿರುವುದು ಕಂಡಿದೆ.

ಇವರೆಲ್ಲ ಒಬ್ಬರಿಂದೊಬ್ಬರು ಕದ್ದರಾ? ಕೆಲವು ಕಡೆ ಕೊಟ್ಟು ತೆಗೆದುಕೊಂಡದ್ದು ಇರಬಹುದು. ಆದರೆ ಕದಿಯುವ ಅಗತ್ಯವೇ ಇರಲಿಲ್ಲ. ಎದುರಿಗಿರುವವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಸಾಕು.

ಹೋದ ತಿಂಗಳು ತಂಗಿಯ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದೆ. ಬೆಳಗಿನ ಹೊತ್ತು, ಬೆಳಕು ನನ್ನ ಮುಖದ ಮೇಲೆ ಬೀಳುತ್ತಿತ್ತು. ಮಗು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿತ್ತು, ಆ ವಯಸ್ಸಿನಲ್ಲಿ ಅವು ನೋಡುತ್ತವಲ್ಲ, ಸಾಲ ಕೊಟ್ಟವರ ಹಾಗೆ. ಬಗ್ಗಿದೆ. ಕಪ್ಪು ಪಾಪೆಯ ನಡುವೆ ಎಳ್ಳಿನಷ್ಟು ದೊಡ್ಡ ಒಬ್ಬ ಮನುಷ್ಯ. ಬೋಳುತಲೆ, ಕನ್ನಡಕ, ಹಿಂದೆ ಕಿಟಕಿಯ ಸರಳು ಸಮೇತ. ತಲೆ ಅಲ್ಲಾಡಿಸಿದೆ, ಅವನೂ ಅಲ್ಲಾಡಿಸಿದ. ಅದನ್ನು ನೋಡಿ ಮಗುವೇ ನಕ್ಕಿತು, ಅದಕ್ಕೇನು ಕಂಡಿತೋ.

ಇದರ ಲೆಕ್ಕ ಸುಲಭ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ ಉಬ್ಬಿಕೊಂಡಿದೆ, ಸ್ಟೀಲ್ ಚಮಚದ ಬೆನ್ನಿನ ಹಾಗೆ. ದೊಡ್ಡವರಲ್ಲಿ ಅದರ ಬಾಗಿನ ತ್ರಿಜ್ಯ ಸುಮಾರು 7.8 ಮಿಲಿಮೀಟರ್. ಅಂದರೆ ಅದು ಒಂದು ಪುಟ್ಟ ಉಬ್ಬುಗನ್ನಡಿ, ನಾಭಿದೂರ ಸುಮಾರು 3.9 ಮಿಲಿಮೀಟರ್. ಒಂದು ಅಡಿ ದೂರದಲ್ಲಿ ನೀವು ಮುಖ ಇಟ್ಟರೆ ಅದು ಎಪ್ಪತ್ತೆಂಟು ಪಟ್ಟು ಚಿಕ್ಕದಾಗಿ ಕಾಣುತ್ತದೆ. ಗಲ್ಲದಿಂದ ನೆತ್ತಿಯವರೆಗೆ 20 ಸೆಂಟಿಮೀಟರ್ ಇರುವ ಮುಖ ಅಲ್ಲಿ ಎರಡೂವರೆ ಮಿಲಿಮೀಟರ್. ಪಾಪೆಯ ಅಗಲವೋ, ಬೆಳಕು ಹೆಚ್ಚಿದ್ದಾಗ 2, ಕತ್ತಲಲ್ಲಿ 8 ಮಿಲಿಮೀಟರ್‌ವರೆಗೆ. ಹಾಗಾಗಿ ಬೆಳಕು ತೀರಾ ಹೆಚ್ಚಿಲ್ಲದಿದ್ದರೆ ಮುಖ ಸರಿಯಾಗಿ ಚೌಕಟ್ಟಿನೊಳಗೆ ಕೂರುತ್ತದೆ.

ಕಾರ್ನಿಯಾ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ವಾಪಸು ಬರುತ್ತದೆ. ಇಷ್ಟು ಮಸುಕಾದ ಬಿಂಬ ಕಾಣಬೇಕಾದರೆ ಹಿಂದೆ ಕಪ್ಪು ಇರಬೇಕು. ರಾತ್ರಿ ಬಸ್ಸಿನಲ್ಲಿ ಒಳಗೆ ಲೈಟು ಹಾಕಿದಾಗ ಕಿಟಕಿ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದಲ್ಲ, ಹಗಲು ಅದೇ ಗಾಜಿನಲ್ಲಿ ಹೊಲಗದ್ದೆ ಕಾಣುತ್ತದೆ, ಹಾಗೆ. ಪಾಪೆ ಕಪ್ಪಗಿರುವುದರಿಂದ ಬೊಂಬೆ ಅಲ್ಲೇ ಸ್ಪಷ್ಟ.

ಪಾಪೆ ಅಂತ ಒಂದು ವಸ್ತುವೇ ಇಲ್ಲ ಅನ್ನುವುದು ಇದರ ಇನ್ನೊಂದು ತಮಾಷೆ. ಅದೊಂದು ತೂತು. ಕಂದು ಬಣ್ಣದ ಐರಿಸ್ ಪರದೆಯ ನಡುವೆ ಬಿಟ್ಟ ಕಂಡಿ. ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ತಿರುಗಿ ಹೋಗುವುದರಿಂದ, ಮತ್ತು ಆ ದಾರಿಗೆ ನಮ್ಮ ತಲೆಯೇ ಅಡ್ಡ ಇರುವುದರಿಂದ, ನಮಗದು ಕಪ್ಪು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ನೋಡುವ ದಾರಿಯಲ್ಲೇ ಬೆಳಕನ್ನೂ ಕಳಿಸುವ ಉಪಕರಣದ ಬಗ್ಗೆ ಪ್ರಕಟಿಸಿದ. ಕಣ್ಣಿನ ಡಾಕ್ಟರು ಮುಖದ ಹತ್ತಿರ ಬಂದು ಉಸಿರು ತಾಗುವಷ್ಟು ಬಗ್ಗಿ ನೋಡುತ್ತಾರಲ್ಲ, ಅದು ಆ ಉಪಕರಣದ ಮರಿಮಗ.

ಬೊಂಬೆಯ ಮಾತಿಗೆ ವಾಪಸು ಬಂದರೆ, ಇದರ ಬಗ್ಗೆ ಎರಡು ಕಡೆ ಎರಡು ದೊಡ್ಡ ಚರ್ಚೆಗಳೇ ನಡೆದಿವೆ. ಛಾಂದೋಗ್ಯ ಉಪನಿಷತ್ತಿನ ಎಂಟನೇ ಅಧ್ಯಾಯದಲ್ಲಿ ಇಂದ್ರ ಮತ್ತು ಅಸುರರ ರಾಜ ವಿರೋಚನ ಇಬ್ಬರೂ ಪ್ರಜಾಪತಿಯ ಹತ್ತಿರ ಹೋಗಿ 32 ವರ್ಷ ಇದ್ದು, ಆತ್ಮ ಅಂದರೇನು ಹೇಳಿ ಅನ್ನುತ್ತಾರೆ. ಕಣ್ಣಿನಲ್ಲಿ ಕಾಣುವ ಪುರುಷನೇ ಆತ್ಮ ಅನ್ನುತ್ತಾನೆ ಪ್ರಜಾಪತಿ. ಇವರು ಅಂದುಕೊಂಡದ್ದು ಇದೇ ಎಳ್ಳಿನಷ್ಟು ಬೊಂಬೆಯನ್ನು! ಹಾಗಾದರೆ ನೀರಿನಲ್ಲಿ, ಕನ್ನಡಿಯಲ್ಲಿ ಕಾಣುವವನು ಯಾರು ಅಂತ ಕೇಳುತ್ತಾರೆ. ಪ್ರಜಾಪತಿ ನೀರು ತುಂಬಿದ ಪಾತ್ರೆಯಲ್ಲಿ ನೋಡಿಕೊಳ್ಳಿ, ಚೆನ್ನಾಗಿ ಅಲಂಕಾರ ಮಾಡಿಕೊಂಡು ಮತ್ತೆ ನೋಡಿಕೊಳ್ಳಿ ಅನ್ನುತ್ತಾನೆ. ವಿರೋಚನ ಖುಷಿಯಾಗಿ ಊರಿಗೆ ಹೋಗಿ ದೇಹವೇ ಆತ್ಮ ಅಂತ ಸಾರಿಬಿಡುತ್ತಾನೆ. ಇಂದ್ರನಿಗೆ ಅರ್ಧ ದಾರಿಯಲ್ಲಿ ಅನುಮಾನ ಬಂದು ವಾಪಸು ಬರುತ್ತಾನೆ. ಗ್ರೀಸಿನಲ್ಲಿ ಪ್ಲೇಟೋ ಹೆಸರಿನಲ್ಲಿರುವ ಒಂದು ಸಂವಾದದಲ್ಲಿ ಸಾಕ್ರೆಟಿಸ್ ಆಲ್ಸಿಬಿಯಾಡಿಸ್ ಎಂಬ ಹುಡುಗನಿಗೆ ಹೆಚ್ಚು ಕಡಿಮೆ ಇದೇ ಪಾಠ ಮಾಡುತ್ತಾನೆ. ಎದುರಿನವರ ಕಣ್ಣಿನಲ್ಲಿ ನಮ್ಮ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ, ಅದಕ್ಕೇ ಅದನ್ನು ಕೋರೇ ಅನ್ನುವುದು, ಕಣ್ಣು ತನ್ನನ್ನು ತಾನು ನೋಡಬೇಕಾದರೆ ಇನ್ನೊಂದು ಕಣ್ಣನ್ನೇ ನೋಡಬೇಕು ಅಂತ. ಹೆಸರಿಗೆ ಕಾರಣವನ್ನು ಹೀಗೆ ನೇರವಾಗಿ ಹೇಳಿರುವುದು ಅಪರೂಪ.

17ನೇ ಶತಮಾನದ ಇಂಗ್ಲಿಷರಲ್ಲಿ ಪ್ರೇಮಿಗಳು ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಕೂರುವುದಕ್ಕೆ 'ಬೇಬಿ ನೋಡುವುದು' ಅನ್ನುವ ಮಾತಿತ್ತು. ಇದನ್ನು ಎಂಟನೇ ಕ್ಲಾಸಿನ ಮಗಳಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಅದರ ಬದಲು ಹುಳುವಿನ ಪ್ಯೂಪಾ ಕೂಡ ಇದೇ ಮನೆಯ ಪದ ಅಂತ ಹೇಳಿ. 1758ರಲ್ಲಿ ಗಿಡ ಪ್ರಾಣಿಗಳಿಗೆಲ್ಲ ಹೆಸರಿಡುತ್ತಿದ್ದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಆ ಹೆಸರಿಟ್ಟ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸಿನ ಹಾಗೆ ಕಾಣುತ್ತದೆ ಅಂತ. ರಾಮನಗರದ ರೇಷ್ಮೆ ಮಾರುಕಟ್ಟೆಗೆ ಬರುವ ಒಂದೊಂದು ಗೂಡಿನೊಳಗೂ ಒಂದೊಂದು ಲ್ಯಾಟಿನ್ ಬೊಂಬೆ ಮಲಗಿರುತ್ತದೆ.

ಪ್ರಶ್ನೆ: ಪಾಪೆ ಎಂಬ ಪದ ಪಾಪದಿಂದ ಬಂದದ್ದು, ಕಣ್ಣೇ ಪಾಪಕ್ಕೆ ಬಾಗಿಲು ಆದ್ದರಿಂದ ಹಿರಿಯರು ಹಾಗೆ ಕರೆದರು ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ. ನಿಜವೇ? (ಹಾಸನದಿಂದ)

ಉತ್ತರ: ಕೇಳಲು ಚೆನ್ನಾಗಿದೆ, ನಿಜ ಅಲ್ಲ. ಪುಣ್ಯಕ್ಕೆ ಎದುರಾದ ಪಾಪ ಸಂಸ್ಕೃತದ್ದು. ಪಾಪೆ, ಪಾಪು ನಮ್ಮ ಕಡೆಯ ಮಾತುಗಳು, ತೆಲುಗು ತಮಿಳಿನಲ್ಲೂ ಅಕ್ಕತಂಗಿಯರಿದ್ದಾರೆ. ಹಳೆಯ ನಿಘಂಟು ತೆಗೆದರೆ ಪಾಪೆಗೆ ಬೊಂಬೆ ಎಂಬ ಅರ್ಥ ಸಿಗುತ್ತದೆ. ಈಗ ಬೊಂಬೆಯ ಅರ್ಥ ಮರೆತುಹೋಗಿ ಕಣ್ಣಿನದು ಮಾತ್ರ ಉಳಿದಿದೆ, ಅದಕ್ಕೇ ಇಂಥ ಕತೆ ಕಟ್ಟಲು ಜಾಗ ಸಿಗುವುದು. ಇನ್ನೊಬ್ಬ ಓದುಗರು ಲ್ಯಾಟಿನ್ ಪೂಪಾ ಮತ್ತು ನಮ್ಮ ಪಾಪು ಒಂದೇ ಅಂತ ಮೂರು ಪುಟ ಬರೆದಿದ್ದಾರೆ. ಅದೂ ಬೇಡ. ಪಾ, ಮಾ, ಬಾ ಎಲ್ಲ ಮಗುವಿನ ತುಟಿಗೆ ಮೊದಲು ಸಿಗುವ ಸದ್ದುಗಳು. ಆ ಸದ್ದಿನಿಂದ ಎಳೆಯರಿಗೆ ಹೆಸರಿಡಲು ಯಾವ ಭಾಷೆಯೂ ಇನ್ನೊಂದರ ಮನೆ ಬಾಗಿಲು ತಟ್ಟಬೇಕಿಲ್ಲ.

ಪ್ರಶ್ನೆ: ಭಾವ ಬೈಕಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದರು. ಈಗ ಆರಾಮಾಗಿದ್ದಾರೆ. ಡಿಸ್ಚಾರ್ಜ್ ಕಾಗದದಲ್ಲಿ 'ಪೆರ್ಲಾ' ಅಂತ ಬರೆದಿದೆ. ನಮ್ಮದು ಪೆರ್ಲದ ಹತ್ತಿರದ ಊರೇ, ಆದರೆ ಭಾವ ಬಿದ್ದದ್ದು ಮಂಗಳೂರಿನಲ್ಲಿ! ಇನ್ನೊಂದು ಕಡೆ 'ಅನೈಸೋಕೋರಿಯಾ ಇಲ್ಲ' ಅಂತಲೂ ಇದೆ. ಏನಿದು? (ಕಾಸರಗೋಡಿನಿಂದ)

ಉತ್ತರ: ನಿಮ್ಮ ಊರಿಗೂ ಅದಕ್ಕೂ ಸಂಬಂಧ ಇಲ್ಲ. ಪೆರ್ಲಾ ಅನ್ನುವುದು ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಡಾಕ್ಟರರ ಗುರುತು. ಎರಡೂ ಪಾಪೆ ಒಂದೇ ಅಳತೆ, ದುಂಡಗಿವೆ, ಬೆಳಕಿಗೆ ಕುಗ್ಗುತ್ತವೆ, ದೂರದ್ದನ್ನು ಬಿಟ್ಟು ಹತ್ತಿರದ್ದನ್ನು ನೋಡಿದಾಗಲೂ ಕುಗ್ಗುತ್ತವೆ ಅಂತ ಅರ್ಥ. ತಲೆಗೆ ಏಟು ಬಿದ್ದವರನ್ನು ತಂದಾಗ ಡಾಕ್ಟರು ಮೊದಲು ಟಾರ್ಚ್ ತೆಗೆಯುವುದು ಇದಕ್ಕೇ. ಒಂದು ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆ ಒಟ್ಟಿಗೆ ಕುಗ್ಗಬೇಕು. ಬೆಳಕಿನ ಸುದ್ದಿ ಒಂದು ನರದಲ್ಲಿ ಮೆದುಳಿಗೆ ಹೋಗಿ, ಕುಗ್ಗು ಅನ್ನುವ ಅಪ್ಪಣೆ ಇನ್ನೊಂದು ನರದಲ್ಲಿ ಎರಡೂ ಕಣ್ಣಿಗೆ ಬರುತ್ತದೆ. ಮೆದುಳು ಊದಿಕೊಂಡು ಆ ಎರಡನೇ ನರವನ್ನು ಒತ್ತಿದರೆ ಆ ಕಡೆಯ ಪಾಪೆ ಅಗಲವಾಗಿ ನಿಂತುಬಿಡುತ್ತದೆ. ಪ್ರಜ್ಞೆ ಇಲ್ಲದ ಮನುಷ್ಯನ ತಲೆಯೊಳಗಿನ ಸುದ್ದಿ ಯಾವ ಸ್ಕ್ಯಾನೂ ಇಲ್ಲದೆ ಹೀಗೆ ಸಿಗುತ್ತದೆ.

ಅನೈಸೋಕೋರಿಯಾ ಗ್ರೀಕಿನದು, ಬಿಡಿಸಿದರೆ ಅನ್ + ಐಸೋ + ಕೋರೇ. ಅನ್ ಅಂದರೆ ಅಲ್ಲ, ನಮ್ಮ ಅನಾನುಕೂಲದ ಅನ್ ಇದ್ದ ಹಾಗೆ. ಐಸೋ ಅಂದರೆ ಸಮ. ಕೋರೇ, ಮೇಲೆ ಹೇಳಿದ ಹುಡುಗಿ. ಸಮ ಇಲ್ಲದ ಹುಡುಗಿಯರು! ಒಂದು ಪಾಪೆ ದೊಡ್ಡದು, ಒಂದು ಚಿಕ್ಕದು. ಇದನ್ನು ಓದಿ ಈಗಲೇ ಕನ್ನಡಿ ಮುಂದೆ ಓಡಬೇಡಿ. ಸುಮಾರು ಐವರಲ್ಲಿ ಒಬ್ಬರಿಗೆ ಏನೂ ತೊಂದರೆ ಇಲ್ಲದೆಯೇ ಸಣ್ಣ ವ್ಯತ್ಯಾಸ ಇರುತ್ತದೆ, ಸಾಮಾನ್ಯವಾಗಿ ಒಂದು ಮಿಲಿಮೀಟರ್ ಒಳಗೆ. ಇದ್ದಕ್ಕಿದ್ದಂತೆ ಆದರೆ, ಜೊತೆಗೆ ತಲೆನೋವು, ರೆಪ್ಪೆ ಜೋತು ಬೀಳುವುದು, ಒಂದು ಎರಡಾಗಿ ಕಾಣುವುದು ಇದ್ದರೆ ಮಾತ್ರ ಆಟೋ ಹಿಡಿಯಿರಿ, ಕಾಯಬೇಡಿ.

ಪ್ರಶ್ನೆ: ತೋಟದಲ್ಲಿ ದತ್ತೂರಿ ಗಿಡ ಕಿತ್ತ ದಿನ ಸಂಜೆ ನನ್ನ ಎಡಗಣ್ಣಿನ ಪಾಪೆ ದೊಡ್ಡದಾಗಿ, ಪೇಪರು ಓದಲು ಆಗಲಿಲ್ಲ. ಎರಡು ದಿನಕ್ಕೆ ಸರಿಹೋಯಿತು. ಗಿಡದಿಂದಲಾ? (ಶಿರಸಿಯಿಂದ)

ಉತ್ತರ: ಗಿಡದಿಂದಲೇ. ಕೈ ತೊಳೆಯದೆ ಕಣ್ಣು ಉಜ್ಜಿಕೊಂಡಿದ್ದೀರಿ. ದತ್ತೂರಿ, ಅಂದರೆ ಉಮ್ಮತ್ತಿ, ಮದಗುಣಿಕೆ, ಅದರ ರಸದಲ್ಲಿ ಅಟ್ರೋಪಿನ್ ಜಾತಿಯ ವಸ್ತುಗಳಿವೆ. ಪಾಪೆಯನ್ನು ಕುಗ್ಗಿಸುವ ಸ್ನಾಯುವನ್ನು ಅವು ಸುಮ್ನೆ ಕೂರಿಸುತ್ತವೆ, ಹತ್ತಿರದ್ದು ಕಾಣಲು ಬೇಕಾದ ಸ್ನಾಯುವನ್ನೂ. ಪೇಪರು ಮಸುಕಾದದ್ದು ಅದಕ್ಕೆ. ಕಣ್ಣಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕೂರಿಸುತ್ತಾರಲ್ಲ, ಅದೂ ಇದೇ ತಂತ್ರ, ಅಲ್ಲಿ ಬೇಗ ಇಳಿಯುವ ಔಷಧ ಬಳಸುತ್ತಾರೆ. ನನಗೂ ಒಮ್ಮೆ ಹಾಕಿದ್ದರು. ಹೊರಗೆ ಬಂದು ಹೋಟೆಲಿನಲ್ಲಿ ಬಿಲ್ಲು ಓದಲಾಗದೆ ಮಾಣಿ ಹೇಳಿದಷ್ಟು ಕೊಟ್ಟು ಬಂದೆ.

ಯುರೋಪಿನಲ್ಲಿ ಈ ಕೆಲಸಕ್ಕೆ ಬೇರೆ ಗಿಡ ಇತ್ತು, ಬೆಲ್ಲಡೋನಾ. ಇಟಲಿ ಭಾಷೆಯಲ್ಲಿ ಸುಂದರ ಹೆಂಗಸು ಅಂತ ಅರ್ಥ. ಅದರ ರಸ ಬಿಟ್ಟುಕೊಂಡು ಪಾಪೆ ಅಗಲ ಮಾಡಿಕೊಂಡರೆ ಕಣ್ಣು ಚೆಂದ ಕಾಣುತ್ತದೆ ಅಂತ ಅಲ್ಲಿನ ಹೆಂಗಸರು ನಂಬಿದ್ದರಂತೆ. ಚೆಂದ ಕಂಡ ಗಂಡಸಿನ ಮುಖ ಮಾತ್ರ ಅವರಿಗೆ ಮಂಜು ಮಂಜು! ಲಿನೇಯಸ್ ಅದರ ಕುಲಕ್ಕೆ ಅಟ್ರೋಪಾ ಅಂತ ಹೆಸರಿಟ್ಟ. ಅಟ್ರೋಪಾಸ್ ಅಂದರೆ ಗ್ರೀಕರ ಕತೆಯಲ್ಲಿ ಆಯಸ್ಸಿನ ದಾರವನ್ನು ಕತ್ತರಿಸುವ ದೇವತೆ. ಗಿಡ ಅಷ್ಟು ವಿಷ. ನಿಮ್ಮ ದತ್ತೂರಿಯೂ ಕಮ್ಮಿ ಅಲ್ಲ, ಶಿವನ ತಲೆ ಮೇಲೆ ಇರಲಿ, ಕೈಗೆ ಗ್ಲೌಸ್ ಇರಲಿ.

ಪ್ರಶ್ನೆ: ನಮ್ಮ ಅತ್ತೆ ಎಲ್ಲರ ಹತ್ತಿರವೂ 'ನನಗೆ ಪಾಪೆ ಆಪರೇಷನ್ ಆಯ್ತು' ಅನ್ನುತ್ತಾರೆ. ಪೊರೆ ಅನ್ನಿ ಅಂದರೆ ಕೇಳುವುದಿಲ್ಲ. ಯಾರು ಸರಿ? (ದಾವಣಗೆರೆಯಿಂದ)

ಉತ್ತರ: ನೀವು ಸರಿ, ಆದರೆ ಅತ್ತೆಯ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಪಾಪೆಯ ಕಂಡಿಯ ಹಿಂದೆ ಲೆನ್ಸ್ ಇದೆ. ವಯಸ್ಸಾದ ಹಾಗೆ ಅದು ಮಸುಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಪಾಪೆಯೇ ಬೆಳ್ಳಗಾದ ಹಾಗೆ ಕಾಣುತ್ತದೆ, ಕಿಟಕಿಯ ಹಿಂದೆ ಬಿಳಿ ಪರದೆ ಎಳೆದರೆ ಕಿಟಕಿಯೇ ಬಿಳಿಯಾದ ಹಾಗೆ. ನಮ್ಮವರು ಅದನ್ನು ಕಣ್ಣಿನ ಮೇಲೆ ಬೆಳೆದ ತೆಳು ಚರ್ಮ ಅಂದುಕೊಂಡು ಪೊರೆ ಅಂದರು, ಹಾವು ಬಿಡುವ ಪೊರೆಯ ಹಾಗೆ. ಹಿಂದಿಯವರಿಗೆ ಅದು ಮೋತಿಯಾಬಿಂದ್, ಮುತ್ತಿನ ಹನಿ. ಇಂಗ್ಲಿಷಿನ ಕ್ಯಾಟರಾಕ್ಟ್ ಅಂದರೆ ಜಲಪಾತ, ನಮ್ಮ ಜೋಗ! ಅರಬ್ಬಿ ವೈದ್ಯರು ತಲೆಯಿಂದ ನೀರು ಇಳಿದು ಕಣ್ಣಿನಲ್ಲಿ ಹೆಪ್ಪುಗಟ್ಟುತ್ತದೆ ಅಂತ ನಂಬಿ ಇದಕ್ಕೆ ನೀರಿಳಿತ ಅಂತ ಹೆಸರಿಟ್ಟಿದ್ದರು. ಲ್ಯಾಟಿನ್‌ಗೆ ತರ್ಜುಮೆ ಮಾಡಿದವರು ನೀರು ಇಳಿಯುವುದು ಅಂದರೆ ಜಲಪಾತ ತಾನೇ ಅಂದುಕೊಂಡರು. ಈ ಮೂರರಲ್ಲಿ ನನಗೆ ಪೊರೆಯೇ ಇಷ್ಟ. ತಪ್ಪು ತಿಳಿವಳಿಕೆಯೇ ಆದರೂ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ನಾನು ನರ್ಸಿಂಗ್ ಓದಿ ಈಗ ಕಣ್ಣಿನ ಶಿಬಿರಗಳಿಗೆ ಕನ್ನಡದಲ್ಲಿ ಕರಪತ್ರ ಬರೆಯುತ್ತೇನೆ. ಕನೀನಿಕೆ ಅನ್ನಲಾ, ಪಾಪೆ ಅನ್ನಲಾ, ಕಣ್ಣಾಲಿ ಅನ್ನಲಾ, ಪ್ಯೂಪಿಲ್ ಅಂತಲೇ ಬಿಡಲಾ? ನೇತ್ರದಾನದ ಕರಪತ್ರದಲ್ಲಿ ಹಿಂದಿನವರು 'ಪಾಪೆ ದಾನ ಮಾಡಿ' ಅಂತ ಹಾಕಿದ್ದಾರೆ, ಸರಿಯಾ? (ಕಲಬುರಗಿಯಿಂದ)

ಉತ್ತರ: ಪಾಪೆ ಅನ್ನಿ, ಎರಡನೇ ಯೋಚನೆ ಬೇಡ. ಕನೀನಿಕೆ ಅಂದರೂ ಅದೇ ಪುಟ್ಟ ಹುಡುಗಿ, ಆದರೆ ಶಿಬಿರಕ್ಕೆ ಬಂದ ಅಜ್ಜಿಗೆ ಅವಳ ಪರಿಚಯ ಇಲ್ಲ. ಸುಶ್ರುತ ಸಂಹಿತೆ ಎಂಬ ಹಳೆಯ ವೈದ್ಯ ಗ್ರಂಥದಲ್ಲಿ ಕನೀನಕ ಅನ್ನುವುದು ಮೂಗಿನ ಪಕ್ಕದ ಕಣ್ಣಿನ ಮೂಲೆಗೂ ಬರುತ್ತದೆ, ಗೊಂದಲ ಬೇರೆ. ಸುಶ್ರುತರು ಪಾಪೆಗೆ ಹೇಳಿದ್ದು ದೃಷ್ಟಿ ಅಂತ. ಅದು ಮಸೂರ್ ಬೇಳೆಯಷ್ಟು, ಕಪ್ಪು ಮಂಡಲದ ಏಳರಲ್ಲೊಂದು ಪಾಲು ಅಂತ ಅಳತೆಯನ್ನೂ ಕೊಟ್ಟಿದ್ದಾರೆ. ಬೇಳೆಯ ಹೋಲಿಕೆ ಮಾತ್ರ ಕರಪತ್ರಕ್ಕೆ ಎತ್ತಿಕೊಳ್ಳಬಹುದು, ಯಾರಿಗೂ ವಿವರಿಸಬೇಕಿಲ್ಲ. ಕಣ್ಣಾಲಿ ಚೆಂದದ ಪದ, ಆದರೆ ಕಣ್ಣಾಲಿ ತುಂಬಿ ಬಂತು ಅಂತ ಅಳುವ ಕಡೆ ಬಳಸಿ ಬಳಸಿ ಅದು ಯಾವ ಭಾಗ ಅನ್ನುವುದೇ ಸಡಿಲವಾಗಿದೆ.

ಪಾಪೆ ದಾನ ಮಾತ್ರ ತಪ್ಪು. ತೂತನ್ನು ದಾನ ಕೊಡುವುದು ಹೇಗೆ? ನೇತ್ರದಾನದಲ್ಲಿ ಇನ್ನೊಬ್ಬರಿಗೆ ಕಸಿ ಮಾಡುವುದು ಕಾರ್ನಿಯಾವನ್ನು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ಇಡೀ ಕಣ್ಣುಗುಡ್ಡೆಯನ್ನೇ ಕಿತ್ತು ಇನ್ನೊಬ್ಬರಿಗೆ ಜೋಡಿಸುತ್ತಾರೆ ಅಂತ ಜನ ಹೆದರುತ್ತಾರಲ್ಲ, ಅವರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕರಪತ್ರದಲ್ಲಿ 'ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ' ಅಂತ ಬರೆಯಿರಿ. ಪಾರಪಟಲ ಅಂತ ಪುಸ್ತಕದಲ್ಲಿದೆ, ಪುಸ್ತಕದಲ್ಲೇ ಇರಲಿ.

ಪ್ರಶ್ನೆ: ಫ್ಲಾಶ್ ಹಾಕಿ ತೆಗೆದ ಫೋಟೋದಲ್ಲಿ ನನ್ನ ಒಂದೂವರೆ ವರ್ಷದ ಮಗನ ಒಂದು ಕಣ್ಣಿನ ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಬಂದಿದೆ. ಮನೆಯವರು ಬೆಕ್ಕಿನ ಕಣ್ಣು ಅಂತ ನಗುತ್ತಿದ್ದಾರೆ. ಇದಕ್ಕೊಂದು ಹೆಸರಿದೆಯಂತೆ, ಅರ್ಥ ತಿಳಿಸಿ. (ಮೈಸೂರಿನಿಂದ)

ಉತ್ತರ: ಈ ಪ್ರಶ್ನೆಯನ್ನು ಅಚ್ಚಿಗೆ ಕಾಯಿಸಲಿಲ್ಲ. ಬಂದ ದಿನವೇ ಇವರಿಗೆ ಫೋನ್ ಮಾಡಿ, ಹೆಸರಿನ ಅರ್ಥ ಆಮೇಲೆ ಹೇಳುತ್ತೇನೆ ತಾಯಿ, ಮೊದಲು ನಾಳೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಫೋಟೋನೂ ತೆಗೆದುಕೊಂಡು ಹೋಗಿ ಅಂದೆ. ಹೆಸರು ಲ್ಯೂಕೋಕೋರಿಯಾ. ಲ್ಯೂಕೋ ಅಂದರೆ ಬಿಳಿ, ಕೋರೇ ಯಾರಂತ ಈಗ ನಿಮಗೆ ಗೊತ್ತು. ಬಿಳಿ ಹುಡುಗಿ ಅಂತ ಕೇಳಲು ಮುದ್ದಾಗಿದ್ದರೂ ಇದು ಕಣ್ಣಿನ ವೈದ್ಯರು ಬೆಚ್ಚುವ ಪದ. ಫ್ಲಾಶಿನ ಬೆಳಕು ಕಣ್ಣಿನ ಹಿಂಬದಿಯ ರಕ್ತ ತುಂಬಿದ ಪದರಕ್ಕೆ ಬಡಿದು ಬರುವುದರಿಂದ ಫೋಟೋದಲ್ಲಿ ಪಾಪೆ ಕೆಂಪಾಗುವುದು ಸಹಜ. ಬೆಳ್ಳಗೆ ಬಂದರೆ ನಡುವೆ ಏನೋ ಅಡ್ಡ ಇದೆ ಅಂತ. ಹುಟ್ಟಿನಿಂದ ಬಂದ ಪೊರೆ ಇರಬಹುದು. ಎಳೆಯ ಮಕ್ಕಳಿಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಇರಬಹುದು, ಬೇಗ ಹಿಡಿದರೆ ಅದನ್ನು ಗುಣಪಡಿಸಬಹುದು, ತಡವಾದರೆ ಕಣ್ಣಷ್ಟೇ ಅಲ್ಲ, ಜೀವಕ್ಕೂ ಅಪಾಯ. ಕೆಲವೊಮ್ಮೆ ಮಗು ಓರೆಯಾಗಿ ನೋಡಿದಾಗ ಕಣ್ಣಿನ ನರ ಹೊರಡುವ ಬಿಳಿ ಜಾಗಕ್ಕೆ ಫ್ಲಾಶ್ ಬಿದ್ದು ಸುಮ್ನೆ ಹಾಗೆ ಕಾಣುವುದೂ ಉಂಟು. ಯಾವುದು ಅಂತ ಪಾಪೆ ಅಗಲ ಮಾಡಿ ಒಳಗೆ ನೋಡಿದರೇ ಗೊತ್ತಾಗುವುದು, ಮನೆಯಲ್ಲಿ ಕೂತು ಅಲ್ಲ.

ನಾಲ್ಕು ದಿನ ಬಿಟ್ಟು ಅವರ ಮೆಸೇಜು ಬಂತು. ಓರೆ ನೋಟವೇ, ಮಗನ ಕಣ್ಣು ಚೆನ್ನಾಗಿದೆ ಅಂದರಂತೆ. ಜೊತೆಗೆ ಹೊಸ ಫೋಟೋ ಕಳಿಸಿದ್ದಾರೆ. ಎರಡೂ ಪಾಪೆ ಕೆಂಪಗಿವೆ, ಡ್ರಾಪ್ಸ್ ಹಾಕಿಸಿಕೊಂಡ ಸಿಟ್ಟು ಮಾತ್ರ ಮುಖದ ಮೇಲೆ ಇನ್ನೂ ಹಾಗೇ ಇದೆ.